ಪೆಟ್ಟು ಬಿದ್ದಾಗ ಬದಲಾಗುವ ಜೀನ್‌ಗಳ ನಂಟು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ಹೊಲಗಳಲ್ಲಿ ದುಡಿಯುವವರಿಗೆ ಬಿಸಿಲು ತಪ್ಪಿದ್ದಲ್ಲ. ಹಲವರ ಬಾಯಲ್ಲಿ ತಂಬಾಕೂ ಇರುತ್ತದೆ. ಎರಡೂ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಬಿಸಿಲಿನ ಅತಿನೇರಳೆ ಕಿರಣ ಡಿಎನ್‌ಎಯ ಅಕ್ಕಪಕ್ಕದ ಅಕ್ಷರಗಳನ್ನು ಅಂಟಿಸಿಬಿಡುತ್ತದೆ. ತಂಬಾಕಿನ ಕೆಲವು ನೈಟ್ರೋಸಮೈನ್‌ಗಳಿಂದ ಅದರ ಮೇಲೆ ಬೇಡದ ಮಿಥೈಲ್ ಗುಂಪುಗಳು ಬಂದು ಕೂರುತ್ತವೆ. ಜೀವಕೋಶ ಇದನ್ನೆಲ್ಲ ರಿಪೇರಿ ಮಾಡುತ್ತಲೇ ಇರುತ್ತದೆ. ಆ ರಿಪೇರಿಯ ಗುಟ್ಟು ಒಂಟಿ ಜೀನ್‌ನಲ್ಲಿಲ್ಲ, ಜೀನ್‌ಗಳ ನಡುವಿನ ನಂಟಿನಲ್ಲಿದೆ.

ಕೆಲವು ಜೀನ್ ಜೋಡಿಗಳನ್ನು ನೋಡಿ: ಒಂದು ಜೀನ್ ತೆಗೆದರೂ ಕೋಶ ಬದುಕುತ್ತದೆ. ಅದನ್ನು ಬಿಟ್ಟು ಇನ್ನೊಂದನ್ನು ತೆಗೆದರೂ ಬದುಕುತ್ತದೆ. ಎರಡನ್ನೂ ತೆಗೆದರೆ ಸಾಯುತ್ತದೆ. ಅಂದರೆ ಅವು ಒಂದಕ್ಕೊಂದು ಆಸರೆ.

ಈ ಆಸರೆ ಎಲ್ಲ ಹೊತ್ತಿನಲ್ಲೂ ಒಂದೇ ತೆರನಾಗಿರುತ್ತದೆಯೇ? 2010ರಲ್ಲಿ ಸೌರವ್ ಬಂದ್ಯೋಪಾಧ್ಯಾಯ, ಟ್ರೇ ಐಡಿಕರ್, ನೆವನ್ ಕ್ರೋಗನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಯೀಸ್ಟ್‌ನ 418 ಜೀನ್‌ಗಳನ್ನು ಆಯ್ದು, ಜೋಡಿ ಜೋಡಿಯಾಗಿ ಕೆಡಿಸಿ, ಒಮ್ಮೆ ಮಾಮೂಲಿಯಾಗಿ, ಮತ್ತೊಮ್ಮೆ ಡಿಎನ್‌ಎಗೆ ಮಿಥೈಲ್ ಗುಂಪು ಅಂಟಿಸುವ ಎಂಎಂಎಸ್ ಎಂಬ ರಾಸಾಯನಿಕದಲ್ಲಿ ಬೆಳೆಸಿದರು. ಜೋಡಿಗಳೇ ಸುಮಾರು 80,000! ಎರಡು ನಕ್ಷೆಗಳನ್ನು ಹೋಲಿಸಿದಾಗ ನಂಟುಗಳು ದೊಡ್ಡ ಪ್ರಮಾಣದಲ್ಲಿ ಬದಲಾಗಿದ್ದವು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದ್ದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು: ಹೊಳೆ ಬಂದಾಗ ಊರುಗಳು ಇದ್ದಲ್ಲೇ ಇರುತ್ತವೆ, ಊರಿಂದ ಊರಿಗೆ ಹೋಗುವ ದಾರಿ ಬೇರೆಯಾಗುತ್ತದೆ, ಬೇಸಿಗೆಯಲ್ಲಿ ಯಾರೂ ತುಳಿಯದ ಸುತ್ತುಹಾದಿಯೇ ಆಗ ದಿಕ್ಕು. ಯೀಸ್ಟ್‌ನಲ್ಲೂ ಪ್ರೋಟೀನ್‌ಗಳ ಗುಂಪುಗಳು ಬಹುಮಟ್ಟಿಗೆ ಒಡೆಯಲಿಲ್ಲ, ಗುಂಪು ಗುಂಪುಗಳ ನಡುವಿನ ಸಂಬಂಧ ಮರುಜೋಡಣೆಯಾಯಿತು. ಮಾಮೂಲಿ ಸ್ಥಿತಿಯಲ್ಲಿ ಸುಳಿವೇ ಕೊಡದ ಎಷ್ಟೋ ಜೀನ್ ಕೆಲಸಗಳು ಪೆಟ್ಟು ಬಿದ್ದಾಗ ಬಯಲಾದವು. ನನಗೆ ಈ ಅಧ್ಯಯನದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ.

ಆಸರೆಯ ಈ ತರ್ಕ ಆಗಲೇ ಔಷಧದ ದಾರಿ ಹಿಡಿದಿತ್ತು. ಬಿಆರ್‌ಸಿಎ ಜೀನ್ ಕೆಟ್ಟ ಕ್ಯಾನ್ಸರ್ ಕೋಶಕ್ಕೆ ಡಿಎನ್‌ಎಯ ಎರಡೂ ಎಳೆ ತುಂಡಾದರೆ ಸರಿಯಾಗಿ ಜೋಡಿಸಲು ಬರುವುದಿಲ್ಲ. ಅದು ಪಾರ್ಪ್ ಎಂಬ ಕಿಣ್ವವನ್ನು ನೆಚ್ಚಿಕೊಂಡಿರುತ್ತದೆ. ಪಾರ್ಪ್ ತಡೆದರೆ ಆ ಕೋಶ ಸಾಯುತ್ತದೆ, ಬಿಆರ್‌ಸಿಎ ಸರಿಯಿರುವ ಕೋಶ ಹೆಚ್ಚಾಗಿ ಉಳಿಯುತ್ತದೆ. 2005ರಲ್ಲಿ ಎರಡು ತಂಡಗಳು ಇದನ್ನು ತೋರಿಸಿದವು. 2014ರಲ್ಲಿ ಅಮೆರಿಕ, ಬಿಆರ್‌ಸಿಎ ಕೆಟ್ಟ ಅಂಡಾಶಯದ ಕ್ಯಾನ್ಸರ್‌ಗೆ ಪಾರ್ಪ್ ತಡೆಯುವ ಒಲಪಾರಿಬ್ ಔಷಧ ಬಳಸಲು ಒಪ್ಪಿಗೆ ಕೊಟ್ಟಿತು. ಈ ಮೂರು ತಾಲೂಕುಗಳಿಂದ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರಕ್ಕೋ ಬೇರೆ ಆಸ್ಪತ್ರೆಗೋ ಹೋಗುವ ಹೆಣ್ಣುಮಗಳಿಗೆ ಅಂಡಾಶಯದ ಕ್ಯಾನ್ಸರ್ ಇದೆಯೆಂದು ಗೊತ್ತಾದರೆ, ಮನೆಯವರು ಬಿಆರ್‌ಸಿಎ ಪರೀಕ್ಷೆಯ ಬಗ್ಗೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಲಿ.