ಪಂಕ್ತಿ ಬಿಟ್ಟೆದ್ದ ಪೇತ್ರ

ದೈವಭಕ್ತಿಯಲ್ಲಿ ಮುಂದುವರಿದವನ ಹುಟ್ಟುಗುಣವೇ ಅಳಿದುಹೋಗಬೇಕು, ಮುಂಗೋಪಿಯು ಶಾಂತಮೂರ್ತಿಯಾಗಿಯೂ ಅಂಜುಕುಳಿಯು ಧೀರನಾಗಿಯೂ ಮಿತಭಾಷಿಯು ವಾಗ್ಮಿಯಾಗಿಯೂ ಪರಿಣಮಿಸದಿದ್ದರೆ ಅವನ ವಿಶ್ವಾಸದಲ್ಲಿಯೇ ಏನೋ ಕೊರತೆಯಿರಬೇಕು ಎಂಬ ಎಣಿಕೆಯು ನಮ್ಮ ಕ್ರೈಸ್ತಸಭೆಗಳಲ್ಲಿ ಬಲವಾಗಿ ಬೇರೂರಿದೆ. ವ್ಯಕ್ತಿತ್ವವಿಕಾಸದ ಹೆಸರಿನಲ್ಲಿ ನಡೆಯುವ ಶಿಬಿರಗಳೂ ಮಾರಾಟವಾಗುವ ಪುಸ್ತಕಗಳೂ ಈ ಎಣಿಕೆಗೆ ನೀರೆರೆಯುತ್ತಿವೆ. ಬೈಬಲ್ಲನ್ನು ಸಾವಧಾನವಾಗಿ ಓದಿದವರಿಗೆ ಕಾಣುವುದು ಬೇರೆಯೇ ಒಂದು ಚಿತ್ರ.

ಗಲಿಲಾಯದ ಬೆಸ್ತನಾದ ಪೇತ್ರನು ಮೊದಲು ಧುಮುಕಿ ಆಮೇಲೆ ಹೆದರುವ ಪ್ರಕೃತಿಯವನು. ನೀರಿನ ಮೇಲೆ ನಡೆಯಹೊರಟು ಗಾಳಿಯನ್ನು ಕಂಡು ಮುಳುಗತೊಡಗಿದವನೂ, ಗುರುವನ್ನು ಹಿಡಿಯಲು ಬಂದವರ ಮೇಲೆ ಕತ್ತಿ ಹಿರಿದು ಮಹಾಯಾಜಕನ ಆಳಾದ ಮಲ್ಕನ ಕಿವಿಯನ್ನು ಕತ್ತರಿಸಿದವನೂ, ಅದೇ ರಾತ್ರಿ ದಾಸಿಯೊಬ್ಬಳ ಮಾತಿಗೆ ಬೆದರಿ ಆ ಗುರುವನ್ನೇ ಅರಿಯೆನೆಂದವನೂ ಅವನೇ. ಪವಿತ್ರಾತ್ಮನು ಇಳಿದುಬಂದ ಬಳಿಕ ಅವನು ಯೆರೂಸಲೇಮಿನ ಜನಸ್ತೋಮದೆದುರು ನಿರ್ಭಯನಾಗಿ ನಿಂತು ಮಾತಾಡಿದುದನ್ನು ಓದಿ, ಇನ್ನು ಆ ಅಂಜಿಕೆ ನಿರ್ಮೂಲವಾಯಿತೆಂದು ನಾವು ನಿಶ್ಚಯಿಸಿಬಿಡುತ್ತೇವೆ. ಆದರೆ ಎಷ್ಟೋ ವರ್ಷಗಳ ಮೇಲೆ, ಅಂತಿಯೋಕ್ಯದಲ್ಲಿ ಅನ್ಯಜನಾಂಗದ ವಿಶ್ವಾಸಿಗಳೊಡನೆ ಸಹಪಂಕ್ತಿಯಲ್ಲಿ ಉಣ್ಣುತ್ತಿದ್ದ ಈ ಅಪೊಸ್ತಲನು, ಯಾಕೋಬನ ಕಡೆಯಿಂದ ಕೆಲವರು ಬಂದೊಡನೆ, ಸುನ್ನತಿಯವರು ಏನೆಂದಾರೋ ಎಂದು ಹೆದರಿ ಪಂಕ್ತಿಯಿಂದ ಹಿಂದೆಗೆದನು. ಪೌಲನು ಎಲ್ಲರ ಮುಂದೆಯೇ ಅವನನ್ನು ಖಂಡಿಸಿದನು. ಖಂಡಿಸಿದುದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಮರೆಮಾಚದೆ ಹೇಳಿದನು.

ಹಾಗೆಂದು ಪೌಲನೇನು ಸೌಮ್ಯಪ್ರಕೃತಿಯವನಲ್ಲ. ನಡುದಾರಿಯಲ್ಲಿ ಬಿಟ್ಟುಹೋದ ಮಾರ್ಕನೆಂಬ ತರುಣನನ್ನು ಮತ್ತೆ ಕರೆದೊಯ್ಯಲೊಪ್ಪದೆ, ತನ್ನನ್ನು ಮೊದಲು ಕೈಹಿಡಿದು ನಡೆಸಿದ ಬಾರ್ನಬನೊಡನೆಯೇ ಕಲಹವಾಡಿ ಅಗಲಿದವನು ಅವನು. ಕಡೆಗಾಲದ ಪತ್ರದಲ್ಲಿ ಅದೇ ಮಾರ್ಕನು ಉಪಯುಕ್ತನೆಂದು ಹೇಳಿ ಕರೆತರಲು ಬೇಡುತ್ತಾನೆ.

ಅಂತಿಯೋಕ್ಯದ ಈ ಪ್ರಸಂಗವು ಪ್ರಾಚೀನಸಭೆಗೆ ನುಂಗಲಾರದ ತುತ್ತಾಗಿತ್ತು. ಕ್ರೈಸ್ತಮತವನ್ನು ವಿರೋಧಿಸಿದ ಪೋರ್ಫಿರಿಯೆಂಬ ತತ್ತ್ವಜ್ಞನು ಇದನ್ನೆತ್ತಿ ಹಂಗಿಸಿದ್ದನಷ್ಟೆ. ಅದಕ್ಕೆ ಸಮಾಧಾನವಾಗಿ, ಬೈಬಲ್ಲನ್ನು ಲ್ಯಾಟಿನ್ ಭಾಷೆಗೆ ತಂದ ಮಹಾಪಂಡಿತ ಜೆರೋಮನು, ಅಪೊಸ್ತಲರಿಬ್ಬರೂ ಲೋಕಹಿತಕ್ಕಾಗಿ ಕಲಹವನ್ನು ಅಭಿನಯಿಸಿದರೇ ಹೊರತು ನಿಜವಾಗಿ ಕಲಹವಾಡಲಿಲ್ಲವೆಂದು ವ್ಯಾಖ್ಯಾನಿಸಿದನು. ಸಂತರ ಮಾನವನ್ನು ಕಾಯಲು ಸಂತರನ್ನು ನಟರನ್ನಾಗಿಸುವ ಈ ಉಪಾಯ ನನಗಂತೂ ವಿಚಿತ್ರವಾಗಿ ತೋರುತ್ತದೆ. ಆಫ್ರಿಕದ ಹಿಪ್ಪೋ ಪಟ್ಟಣದಲ್ಲಿದ್ದ ಅಗಸ್ಟೀನನಿಗೂ ಅದು ಸಹ್ಯವಾಗಲಿಲ್ಲ. ಧರ್ಮಗ್ರಂಥದಲ್ಲಿ ಒಂದು ಸದುದ್ದೇಶದ ಸುಳ್ಳಿಗೆ ಎಡೆಗೊಟ್ಟರೂ ಉಳಿದುದರ ಪ್ರಾಮಾಣ್ಯವು ಸಡಿಲವಾಗುವುದೆಂದು ಅವನು ಬರೆದ ಪತ್ರವು ಬೆತ್ಲೆಹೇಮಿನ ಜೆರೋಮನಿಗೆ ನೇರವಾಗಿ ತಲುಪದೆ ಇಟಲಿಯಲ್ಲಿ ಜನರ ಕೈಗೆ ಬಿದ್ದುದರಿಂದ ಜೆರೋಮನು ಕೆರಳಿ, ಮುದುಕನನ್ನು ಕೆಣಕಬೇಡವೆಂದು ಎಚ್ಚರಿಸಿದನು. ಕೆರಳುವುದು ಅವನ ಹುಟ್ಟುಗುಣ. ಒಂದು ಕಾಲದ ಆಪ್ತಮಿತ್ರನಾದ ರೂಫಿನಸನನ್ನು ಅವನು ಸತ್ತ ಮೇಲೂ ಹಳಿಯದೆ ಬಿಡಲಿಲ್ಲ. ಪಾಂಡಿತ್ಯವಾಗಲಿ ತಪಸ್ಸಾಗಲಿ ಈ ಕಟುತ್ವಕ್ಕೆ ಸಮರ್ಥನೆಯಾಗದು.

ಆದಾಗ್ಯೂ 415ರಲ್ಲಿ, ಮನುಷ್ಯನು ಸ್ವಪ್ರಯತ್ನದಿಂದಲೇ ನಿರ್ದೋಷಿಯಾಗಬಲ್ಲನೆಂದು ಸಾರುತ್ತಿದ್ದ ಪೆಲಾಗಿಯಸನ ಪಂಥದವರನ್ನು ಖಂಡಿಸಹೊರಟಾಗ (ಇಂದಿನ ವ್ಯಕ್ತಿತ್ವವಿಕಾಸದ ಉಪನ್ಯಾಸಕರು ಅರಿಯದೆಯೇ ಆ ಪಂಥದ ಉತ್ತರಾಧಿಕಾರಿಗಳಾಗಿದ್ದಾರೆ), ಪೇತ್ರನೇ ಖಂಡನೆಗೆ ಪಾತ್ರನಾದ ಮೇಲೆ ತಾನು ನಿರ್ದೋಷಿಯೆನ್ನುವವರಾರು ಎಂಬ ಅಭಿಪ್ರಾಯವನ್ನು ವೃದ್ಧ ಜೆರೋಮನೇ ಬರೆದನು. ಅವನು ಕೊನೆಗೂ ತನ್ನ ಮತಕ್ಕೆ ಬಂದನೆಂದು ಅಗಸ್ಟೀನನು ತಿಳಿದನು. ಕೋಪವು ಕಡೆಯವರೆಗೂ ಉಳಿದ ಆ ಹೃದಯದಲ್ಲಿ, ಪಟ್ಟುಹಿಡಿದ ಅಭಿಪ್ರಾಯವೊಂದನ್ನು ಬಿಟ್ಟುಕೊಡುವಷ್ಟು ಸ್ಥಳವು ಹೇಗೋ ಉಂಟಾಗಿತ್ತು. ಆತ್ಮದ ಬೆಳವಣಿಗೆಯೆಂದು ನಾನು ಕರೆಯಲಿಚ್ಛಿಸುವುದು ಇಂತಹುದನ್ನು: ಪ್ರಕೃತಿ ಇದ್ದಂತೆಯೇ ಇದ್ದು, ತಿದ್ದುವ ಮಾತಿಗೆ ಅದು ಒಳಗಾಗುವುದು, ಅದೂ ತಡವಾಗಿ, ಅರೆಬರೆಯಾಗಿ.

ಗಲಾತ್ಯದವರಿಗೆ ಬರೆದ ಅದೇ ಪತ್ರದಲ್ಲಿ ಪೌಲನು ಎಣಿಸುವ ಆತ್ಮದ ಒಂಬತ್ತು ಫಲಗಳಲ್ಲಿ ದೀರ್ಘಶಾಂತಿಯುಂಟು, ದಯೆಯುಂಟು. ವಾಕ್ಚಾತುರ್ಯವಿಲ್ಲ, ಸಭಾಧೈರ್ಯವಿಲ್ಲ, ಸದಾ ನಗುಮುಖದ ಉತ್ಸಾಹವೂ ಇಲ್ಲ. ಹೀಗಿದ್ದರೂ ನಮ್ಮ ಪ್ರಾರ್ಥನಾಕೂಟಗಳಲ್ಲಿ ಎದ್ದುನಿಂತು ಉಚ್ಚಸ್ವರದಲ್ಲಿ ಸಾಕ್ಷ್ಯ ಹೇಳುವವನೇ ಬೆಳೆದವನು; ರೋಗಿಗಳ ಮನೆಗೆ ಸದ್ದಿಲ್ಲದೆ ಹೋಗಿಬರುವ, ನಾಲ್ವರೆದುರು ಬಾಯಿಬಾರದ ಹೆಂಗಸು ಇನ್ನೂ ಬೆಳೆಯಬೇಕಾದವಳು. ಅಂತಿಯೋಕ್ಯದಲ್ಲಿ ಪೌಲನು ಪೇತ್ರನ ಅಳ್ಳೆದೆಯನ್ನು ಆಡಿಕೊಳ್ಳಲಿಲ್ಲ. ಆ ಅಳ್ಳೆದೆಯಿಂದ ಸಹೋದರರ ಪಂಕ್ತಿ ಒಡೆದುದನ್ನು ಹಿಡಿದು ಕೇಳಿದನು. ಜಾತಿಯ ಗೋಡೆಯು ಕೆಲವೆಡೆ ಸ್ಮಶಾನದೊಳಗೂ ನಿಂತಿರುವ ಭಾರತದ ಸಭೆಯಲ್ಲಿ ಹಿರಿಯರು ಸಂಕೋಚಸ್ವಭಾವದವರನ್ನು ವೇದಿಕೆಗೆಳೆಯುವ ಉತ್ಸಾಹವನ್ನು ತುಸು ತಗ್ಗಿಸಿ, ಯಾರು ಯಾರೊಡನೆ ಉಣ್ಣಲು ಹಿಂಜರಿಯುತ್ತಿದ್ದಾರೆಂಬುದನ್ನು ಹೆಸರು ಹಿಡಿದು ವಿಚಾರಿಸಲಿ.