ಹಂದಿಗೆ ಪಹಣಿ ಓದಲು ಬರುವುದಿಲ್ಲ

ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರ ನಡುವೆ ಬಿಲ್ಲು ಹಿಡಿದ ಬೇಟೆಗಾರ್ತಿಯೊಬ್ಬಳಿದ್ದಾಳೆ. ಬಾಗಿಲ ಪಕ್ಕದಲ್ಲೇ ಮೃಗವನ್ನು ಇರಿಯುವ ಸಳನಿದ್ದಾನೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಕಲ್ಲಿನಲ್ಲಿರುವ ಬೇಟೆ ನಮಗೆ ಪರಂಪರೆ. ಆದರೆ ಹಳೇಬೀಡಿನಿಂದ ಅರಸೀಕೆರೆ ಕಡೆ ಹೊರಟರೆ ಸಿಗುವ ಹೊಲಗಳಲ್ಲಿ ರಾತ್ರಿಯಿಡೀ ತಗಡು ಬಡಿಯುತ್ತ ಕೂತವನು ಬೇಟೆಯ ಮಾತೆತ್ತಿದರೆ ಅವನು ಅಪರಾಧಿ.

ನನ್ನ ದೊಡ್ಡಪ್ಪ ಅಂಥವರಲ್ಲೊಬ್ಬರು. ಮುಸುಕಿನ ಜೋಳ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಗಳು ಹಿಂಡಾಗಿ ಬರುತ್ತವೆ. ತಿನ್ನುವುದಕ್ಕಿಂತ ಕೆಡವುವುದೇ ಹೆಚ್ಚು. ಒಂದು ವರ್ಷ ದೊಡ್ಡಪ್ಪ ಹಂದಿ ಹೊಡೆಸಲು ಅನುಮತಿ ಕೇಳಿ ಅರ್ಜಿ ಹಾಕಿದರು. ಮೊದಲ ಪ್ರಶ್ನೆ, ಪಹಣಿ ಯಾರ ಹೆಸರಲ್ಲಿದೆ? ಹೊಲ ಗುತ್ತಿಗೆಯದು, ಯಜಮಾನರು ಬೆಂಗಳೂರಿನಲ್ಲಿ. ಎರಡನೆಯದು, ಕೋವಿ ಲೈಸೆನ್ಸ್ ಇದೆಯೇ? ಇಲ್ಲ. ಪಕ್ಕದ ತೋಟದವರಿಗೆ ಜಮೀನೂ ಇತ್ತು, ಕೋವಿಯೂ ಇತ್ತು, ಫೋನ್ ಮಾಡಲು ಒಬ್ಬ ಮುಖಂಡರೂ ಇದ್ದರು. ಅವರ ಕಾಗದ ಬೇಗ ಬಂತು. ದೊಡ್ಡಪ್ಪ ಕೇಳಿದ್ದು ಇಷ್ಟೇ: "ಹಂದಿ ಪಹಣಿ ನೋಡ್ಕಂಡು ಬತ್ತದೇನಪ್ಪಾ?"

ಕಾನೂನನ್ನು ಸುಮ್ಮನೆ ಬೈಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿದ್ದ ಮೋಜಿನ ಬೇಟೆಯ ಪರವಾನಗಿಯನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಸರಿಯಾಗಿಯೇ ಮಾಡಿತು. ಆದರೆ ಅದೇ ಕಾಯ್ದೆಯ 11ನೇ ಸೆಕ್ಷನ್, ನಿಂತ ಬೆಳೆಗೆ ಅಪಾಯವಾದರೆ ಕಾಡುಹಂದಿಯಂಥ ಪ್ರಾಣಿಯನ್ನು ಹೊಡೆಯಲು ಲಿಖಿತ ಅನುಮತಿ ಕೊಡಬಹುದು ಎನ್ನುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯುವ ಕೋವಿಗೆ ಬೇರೆಯಾಗಿಯೇ ಜಾಗ ಕೊಟ್ಟಿದೆ. ಅಂದರೆ ಬಾಗಿಲು ಇದೆ. ಜಮೀನು, ಕೋವಿ, ಸಹಿ ಎಂಬ ಮೂರು ಬೀಗದ ಕೈ ಒಟ್ಟಿಗೆ ಇದ್ದವನಿಗೆ ಮಾತ್ರ ತೆರೆಯುತ್ತದೆ. ಇದ್ದ ಕೋವಿಯೂ ಚುನಾವಣೆ ಬಂದಾಗ ಠಾಣೆ ಸೇರುತ್ತದೆ. 2020ರ ಗ್ರಾಮ ಪಂಚಾಯಿತಿ ಚುನಾವಣೆ ನಡೆದದ್ದು ಡಿಸೆಂಬರ್ 22 ಮತ್ತು 27ರಂದು, ನಮ್ಮಲ್ಲಿ ರಾಗಿ ಕೊಯ್ಲು ಮುಗಿದಿರದ ದಿನಗಳಲ್ಲಿ. ಇನ್ನು ಅನುಮತಿ ಪಡೆದು ಹೊಡೆದ ಹಂದಿ ಕಾಯ್ದೆಯ ಪ್ರಕಾರ ಸರ್ಕಾರದ ಆಸ್ತಿ. ಬದುಕಿದ್ದು ಬೆಳೆ ತಿನ್ನುವಾಗ ಅದು ಯಾರದೂ ಅಲ್ಲ!

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಅದು ಬೇಟೆಗೆ ಕೊಟ್ಟ ಅನುಮತಿಯಲ್ಲ, ನನಗೆ ಹೊಟ್ಟೆಕಿಚ್ಚೂ ಇಲ್ಲ. ಯಾರಿಗೆ, ಏಕೆ ಎಂಬುದು ಅಲ್ಲಿ ಬರೆದಿಟ್ಟ ನಿಯಮ. ನಮ್ಮಲ್ಲಿ ಅದು ಪಿಸುಮಾತು.

ಎಲ್ಲರ ಕೈಗೂ ಕೋವಿ ಕೊಟ್ಟರೆ ಕಾಡು ಉಳಿದೀತೆ ಎಂದು ನೀವು ಕೇಳಬಹುದು. ಉಳಿಯದು, ನಾನೂ ಹಾಗೆ ಕೇಳುತ್ತಿಲ್ಲ. ಆದರೆ ಅನುಮತಿ ಸಿಗದವನು ಕೈಕಟ್ಟಿ ಕೂತಿಲ್ಲ. ಹಂದಿಗೆಂದು ಇಟ್ಟ ಉರುಲಿಗೆ ಚಿರತೆ ಬೀಳುತ್ತದೆ, ಸಿಡಿಮದ್ದು ಕಚ್ಚಿದ ಹಸುವಿನ ದವಡೆ ಒಡೆಯುತ್ತದೆ, ಬೇಲಿಗೆ ಹರಿಸಿದ ಕರೆಂಟಿಗೆ ಆನೆಯೂ ಮನುಷ್ಯನೂ ಸಾಯುತ್ತಾರೆ. ಸಹಿ ಹಾಕದೆ ಕೂತರೆ ಕೊಲ್ಲುವುದು ನಿಲ್ಲುವುದಿಲ್ಲ, ಕತ್ತಲಲ್ಲಿ ನಡೆಯುತ್ತದೆ.

ಕೇರಳ 2022ರಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಅಲ್ಲಿಯೂ ರಾಜಕೀಯ ಇದ್ದೇ ಇದೆ. ಆದರೂ ಸಹಿ ಹಾಕುವವರು ಹೊಲದ ಹತ್ತಿರ ಇದ್ದಾರೆ, ಅವರನ್ನು ನಿಲ್ಲಿಸಿ ಕೇಳಬಹುದು. ನಮ್ಮಲ್ಲೂ ಅನುಮತಿ ಜಮೀನಿಗಲ್ಲ, ಹಾಳಾದ ಬೆಳೆಗೆ ಸಿಗಲಿ. ಉಳುವವನೇ ಅರ್ಜಿ ಹಾಕಲಿ. ಹೊಡೆಯುವ ಕೆಲಸ ತರಬೇತಾದವರದಾಗಲಿ. ಕೊಡುವುದಿಲ್ಲವೆಂದರೆ ಅದಕ್ಕೂ ಲಿಖಿತ ಕಾರಣ ಬೇಕು. ಯಾರಿಗೆ ಸಿಕ್ಕಿತು, ಯಾರಿಗೆ ಇಲ್ಲ ಎಂಬ ಪಟ್ಟಿ ಪಂಚಾಯಿತಿ ಗೋಡೆಯ ಮೇಲಿರಲಿ.

ಈ ಸಲವೂ ದೊಡ್ಡಪ್ಪ ಅರ್ಜಿ ಬರೆದುಕೊಡು ಎಂದರು. ಬರೆದೆ. ಜಮೀನಿನ ಮಾಲೀಕರು ಎಂಬಲ್ಲಿ ಬೆಂಗಳೂರಿನವರ ಹೆಸರು ಹಾಕಿ, ಕೆಳಗೆ ಜಾಗವಿಲ್ಲದಿದ್ದರೂ ಒಂದು ಸಾಲು ಸೇರಿಸಿದೆ: ಬೆಳೆದವರು ನಮ್ಮ ದೊಡ್ಡಪ್ಪ.