ಸಾರಥ್ಯದ ಆಸೆ

ನಮ್ಮ ವಿದ್ಯಾರ್ಥಿನಿಲಯದ ಕೋಣೆಯ ಗೋಡೆಯ ಮೇಲೆ ಒಂದು ಪಟ್ಟಿ ತೂಗುತ್ತಿದೆ. ಅದು ಪರೀಕ್ಷೆಯ ವೇಳಾಪಟ್ಟಿಯೆಂದು ಭಾವಿಸಿ ವಾರ್ಡನ್ನರು ಮೊದಲು ಸಂತೋಷಪಟ್ಟಿದ್ದರು. ಹತ್ತಿರ ಬಂದು ಓದಿದ ಮೇಲೆ ಆ ಸಂತೋಷ ಇಳಿಯಿತು. 'ಸಾಯುವುದರೊಳಗೆ ಓಡಿಸಲೇಬೇಕಾದ ಹನ್ನೆರಡು ಕಾರುಗಳು' ಎಂಬುದು ಅದರ ತಲೆಬರಹ. ಅದು ನನ್ನ ಕೋಣೆಯ ಗೆಳೆಯನ ಕೃತಿ. ಅವನಿಗೆ ಸೈಕಲ್ಲನ್ನು ಬಿಟ್ಟರೆ ಬೇರೆ ವಾಹನವಿಲ್ಲ. ಆ ಸೈಕಲ್ಲಿಗೂ ಹಿಂದಿನ ಬ್ರೇಕಿಲ್ಲ.

ಪಟ್ಟಿಯ ಪ್ರತಿಯೊಂದು ಹೆಸರಿನ ಮುಂದೆಯೂ ಎರಡು ಅಂಕಣಗಳಿವೆ. ಒಂದರಲ್ಲಿ ವೇಗ, ಇನ್ನೊಂದರಲ್ಲಿ ಬೆಲೆ. ಫೆರಾರಿ, ಬುಗಾಟಿ, ಲ್ಯಾಂಬೋರ್ಗಿನಿ, ಮೆಕ್‌ಲಾರೆನ್ ಎಂದು ಹೆಸರುಗಳು ಇಳಿಯುತ್ತ ಹೋದಂತೆ ಬೆಲೆಯ ಸೊನ್ನೆಗಳು ಕಾಗದ ಸಾಲದೆ ಗೋಡೆಯ ಮೇಲೂ ಹತ್ತಿವೆ. ಒಂದು ದಿನ ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರು ಜ್ವರದಲ್ಲಿ ಮಲಗಿದ್ದ ಈ ಗೆಳೆಯನನ್ನು ನೋಡಲು ಬಂದವರು, ಪಟ್ಟಿಯನ್ನು ಓದಿ, "ಕೊಳ್ಳುವ ಶಕ್ತಿಯಿಲ್ಲದ ಬಯಕೆಯನ್ನು ನಮ್ಮ ಶಾಸ್ತ್ರ ಬೇಡಿಕೆಯೆಂದು ಒಪ್ಪುವುದಿಲ್ಲವಪ್ಪ" ಎಂದು ನಕ್ಕು ಹೋದರು. ಗೆಳೆಯ ನೊಂದುಕೊಂಡ. ನಾನು ಮಾತ್ರ ಆ ಮಾತನ್ನು ಬಹಳ ದಿನ ಮೆಲುಕು ಹಾಕಿದೆ. ಅಧ್ಯಾಪಕರು ಹೇಳಿದ್ದು ಕೊಳ್ಳುವ ಮಾತು. ತಲೆಬರಹದಲ್ಲಿರುವುದು ಓಡಿಸುವ ಮಾತು. ಓಡಿಸುವ ಪಟ್ಟಿಯಲ್ಲಿ ಬೆಲೆಗೇನು ಕೆಲಸ? ಕಛೇರಿಗೆ ಹೋಗುವ ಸಂಗೀತಪ್ರೇಮಿ ವೀಣೆಯ ಬೆಲೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಾನೆಯೆ?

ಮೋಟಾರಿನ ಹುಚ್ಚಿರುವ ನಮ್ಮವರ ಆಸೆಯಲ್ಲಿ ಮುಕ್ಕಾಲು ಪಾಲು ಒಡೆತನದ ಆಸೆ. ಸಾರಥ್ಯದ ಆಸೆ ಕಾಲು ಪಾಲೂ ಇಲ್ಲ ಎಂಬುದು ನನ್ನ ಆಕ್ಷೇಪಣೆ. ಕೈಗೆಟುಕದ ದ್ರಾಕ್ಷಿ ಹುಳಿಯೆಂದು ನರಿ ಹೇಳಿದಂತಾಯಿತು ಎನ್ನುವವರಿದ್ದಾರೆ. ದ್ರಾಕ್ಷಿ ಹುಳಿಯೆಂದು ನಾನು ಹೇಳಲಾರೆ. ಯಾರಾದರೂ ಪುಣ್ಯಾತ್ಮರು ಫೆರಾರಿಯ ಕೀಲಿಕೈಯನ್ನು ಒಂದು ಗಂಟೆ ಕೊಟ್ಟರೆ ಈ ಲೇಖನವನ್ನು ಅರ್ಧಕ್ಕೇ ನಿಲ್ಲಿಸಿ ಎದ್ದುಹೋಗುವೆನು. ಆದರೆ ನಮ್ಮ ರಸ್ತೆಯಲ್ಲಿ ಅದನ್ನು ಎರಡನೆಯ ಗೇರಿಗಿಂತ ಮೇಲಕ್ಕೆ ಏರಿಸುವಷ್ಟರಲ್ಲಿ ಒಂದು ಎಮ್ಮೆಯೋ ಒಂದು ಉಬ್ಬೋ ಅಡ್ಡ ಬರುತ್ತದೆಂಬುದನ್ನೂ ಬಲ್ಲೆ.

ಹೀಗೆಂದು ನಾನೂ ಒಂದು ಪಟ್ಟಿ ಮಾಡಿದೆ. ಅದರಲ್ಲಿ ವೇಗವಿಲ್ಲ, ಬೆಲೆಯೂ ಇಲ್ಲ. ಓಡಿಸುವವನಿಗೆ ಆ ಕಾರು ಏನನ್ನು ಕಲಿಸುತ್ತದೆ ಎಂಬ ಒಂದೇ ಅಂಕಣ.

ಮೊದಲನೆಯದು ಫೋರ್ಡ್ ಕಂಪನಿಯ ಮಾಡೆಲ್ ಟಿ. ೧೯೦೮ರಿಂದ ೧೯೨೭ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದ ಕಾರು ಅದು. ಜಗತ್ತಿಗೆಲ್ಲ ಕಾರು ಕಲಿಸಿದ ಈ ಕಾರನ್ನು ಇಂದು ಲೈಸೆನ್ಸು ಪಡೆದ ಯಾವನೂ ಓಡಿಸಲಾರ! ಅದರಲ್ಲಿ ಮೂರು ಪೆಡಲುಗಳಿವೆ, ನಿಜ. ಆದರೆ ನಾವು ಆಕ್ಸಿಲರೇಟರೆಂದು ತುಳಿಯುವ ಬಲಗಡೆಯದು ಅಲ್ಲಿ ಬ್ರೇಕು. ನಾವು ಬ್ರೇಕೆಂದು ತುಳಿಯುವ ನಡುವಿನದು ಕಾರನ್ನು ಹಿಂದಕ್ಕೆ ಓಡಿಸುವಂಥದು. ಎಡಗಡೆಯದನ್ನು ಪೂರ್ತಿ ಅದುಮಿದರೆ ಕೆಳಗಿನ ಗೇರು, ಅರ್ಧ ಬಿಟ್ಟರೆ ಯಾವ ಗೇರೂ ಇಲ್ಲ, ಪೂರ್ತಿ ಬಿಟ್ಟರೆ ಮೇಲಿನ ಗೇರು. ಹಾಗಾದರೆ ಆಕ್ಸಿಲರೇಟರ್ ಎಲ್ಲಿ? ಸ್ಟಿಯರಿಂಗ್ ಚಕ್ರದ ಕೆಳಗೆ, ಒಂದು ಸಣ್ಣ ಸನ್ನೆಯ ರೂಪದಲ್ಲಿ. ಅದನ್ನು ಬೆರಳಿನಿಂದ ಸರಿಸಬೇಕು. ಪೆಟ್ರೋಲಿನ ತೊಟ್ಟಿ ಸೀಟಿನ ಕೆಳಗಿದ್ದು, ಅಲ್ಲಿಂದ ಎಂಜಿನ್ನಿಗೆ ತನ್ನ ಭಾರದಿಂದಲೇ ಹರಿದುಬರುತ್ತಿತ್ತು. ಏರು ಬಹಳ ಕಡಿದಾಗಿದ್ದು ತೊಟ್ಟಿಯಲ್ಲಿ ಪೆಟ್ರೋಲು ಕಡಿಮೆಯಿದ್ದರೆ ಅದು ಎಂಜಿನ್ನನ್ನು ತಲುಪುತ್ತಿರಲಿಲ್ಲ. ಆಗ ಜನ ಕಾರನ್ನು ಹಿಂದುಮುಂದಾಗಿ ತಿರುಗಿಸಿ, ರಿವರ್ಸಿನಲ್ಲಿ ಗುಡ್ಡ ಹತ್ತುತ್ತಿದ್ದರು. ಗುಡ್ಡಕ್ಕೆ ಬೆನ್ನು ತೋರಿಸಿ ಗುಡ್ಡವನ್ನು ಗೆಲ್ಲುವ ಈ ಆಟವನ್ನು ಒಮ್ಮೆಯಾದರೂ ಆಡಬೇಕೆಂಬುದು ನನ್ನ ಆಸೆ. ತಾನು ಬಲ್ಲೆನೆಂಬ ಅಹಂಕಾರ ಅಲ್ಲಿ ಐದು ನಿಮಿಷದಲ್ಲಿ ಇಳಿಯುತ್ತದೆ.

ಎರಡನೆಯದು ಕಾರಿಗಿಂತ ಹೆಚ್ಚಾಗಿ ಒಂದು ದಾರಿ. ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೋಗುವ ನೂರಕ್ಕೂ ಮಿಕ್ಕ ಕಿಲೋಮೀಟರಿನ ದಾರಿ. ೧೮೮೮ರ ಆಗಸ್ಟಿನಲ್ಲಿ ಬೆರ್ತಾ ಬೆಂಜ್ ಎಂಬ ಹೆಂಗಸು, ಗಂಡನಿಗೆ ಹೇಳದೆ, ಅವನೇ ಕಟ್ಟಿದ ಮೂರು ಗಾಲಿಯ ಮೋಟಾರನ್ನು ಇಬ್ಬರು ಗಂಡುಮಕ್ಕಳೊಂದಿಗೆ ಆ ದಾರಿಯಲ್ಲಿ ಓಡಿಸಿಕೊಂಡು ತವರಿಗೆ ಹೋದಳು. ಮೋಟಾರಿನಲ್ಲಿ ಅಷ್ಟು ದೂರ ಯಾರೂ ಹೋಗಿರಲಿಲ್ಲ. ಪೆಟ್ರೋಲು ಬಂಕು ಎಂಬುದೇ ಇಲ್ಲದ ಕಾಲ. ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಆಕೆ ಇಂಧನ ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದಳು. ಏರು ಬಂದಾಗ ಮಕ್ಕಳು ಇಳಿದು ತಳ್ಳಿದರು. ಮನೆಗೆ ಬಂದ ಮೇಲೆ, ಗುಡ್ಡ ಹತ್ತಲು ಇನ್ನೊಂದು ಗೇರು ಬೇಕೆಂದು ಗಂಡನಿಗೆ ತಿಳಿಯಿತು. ಕಾರನ್ನು ಕಟ್ಟಿದವನಿಗೆ ಗೊತ್ತಿಲ್ಲದ ಸಂಗತಿ ಓಡಿಸಿದವಳಿಗೆ ಗೊತ್ತಾಯಿತೆಂಬುದನ್ನು ವಾಚಕರು ಗಮನಿಸಬೇಕು. ನಮ್ಮ ತರಗತಿಯ ಸೋದರಿಯರಲ್ಲಿ ಕಾರಿನ ಮಾತೆತ್ತಿದರೆ ಅದು ಗಂಡಸರ ಗೀಳೆನ್ನುವವರಿಗೂ, ಅವರನ್ನು ಹಾಗೆಂದು ನಂಬಿಸಿದ ಸೋದರರಿಗೂ ಈ ಪ್ರಸಂಗವನ್ನು ಅರ್ಪಿಸುತ್ತೇನೆ.

ಇನ್ನು ಸಣ್ಣಪುಟ್ಟವು. ಫ್ರಾನ್ಸಿನ ಸಿಟ್ರೋಯೆನ್ ೨ ಸಿವಿ: ಉತ್ತ ಹೊಲದಲ್ಲಿ ಮೊಟ್ಟೆಯ ಬುಟ್ಟಿ ಇಟ್ಟುಕೊಂಡು ಹೋದರೂ ಮೊಟ್ಟೆ ಒಡೆಯಬಾರದೆಂದು ರೈತರಿಗಾಗಿ ಯೋಚಿಸಿ ಮಾಡಿದ್ದು. ಇಟಲಿಯ ಸ್ಟೆಲ್ವಿಯೊ ಕಣಿವೆಯ ರಸ್ತೆ: ಒಂದು ಪಕ್ಕದಲ್ಲಿ ೪೮ ಹಿಮ್ಮುರಿ ತಿರುವುಗಳು. ಇವುಗಳ ಬಗ್ಗೆ ಹೆಚ್ಚು ಬರೆದರೆ ಸಂಪಾದಕರು ಕತ್ತರಿ ತೆಗೆದುಕೊಳ್ಳುವರು.

ವೇಗವನ್ನು ಹೀಗೆ ತಳ್ಳಿಹಾಕುವೆಯಾ ಎಂದು ಗೆಳೆಯ ಕೇಳಿದ. ಇಲ್ಲ. ವೇಗಕ್ಕೂ ಒಂದು ಸಾರಥ್ಯವುಂಟು. ೧೯೫೫ರ ಮಿಲ್ಲೆ ಮಿಲಿಯಾ ಪಂದ್ಯವನ್ನು ನೋಡಿ. ಇಟಲಿಯ ಬ್ರೆಷಾದಿಂದ ರೋಮಿಗೆ ಹೋಗಿ ಮರಳಿ ಬ್ರೆಷಾಗೆ, ಸಾಮಾನ್ಯ ರಸ್ತೆಗಳಲ್ಲಿ, ಸುಮಾರು ೧೬೦೦ ಕಿಲೋಮೀಟರು. ಸ್ಟರ್ಲಿಂಗ್ ಮಾಸ್ ಅದನ್ನು ಮರ್ಸಿಡಿಸ್ ೩೦೦ ಎಸ್‌ಎಲ್‌ಆರ್ ಕಾರಿನಲ್ಲಿ ೧೦ ಗಂಟೆ ೭ ನಿಮಿಷ ೪೮ ಸೆಕೆಂಡಿನಲ್ಲಿ ಮುಗಿಸಿದ. ಎಲ್ಲರೂ ಮಾಸ್‌ನ ಹೆಸರು ಹೇಳುತ್ತಾರೆ. ನನ್ನ ಮನಸ್ಸು ಹೋಗುವುದು ಪಕ್ಕದಲ್ಲಿ ಕುಳಿತಿದ್ದ ಪತ್ರಕರ್ತ ಡೆನಿಸ್ ಜೆಂಕಿನ್ಸನ್ನನ ಕಡೆಗೆ. ಅವರಿಬ್ಬರೂ ಮೊದಲೇ ಆ ದಾರಿಯನ್ನು ಮತ್ತೆ ಮತ್ತೆ ಸುತ್ತಿ, ತಿರುವುಗಳನ್ನು ಒಂದು ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದುಕೊಂಡಿದ್ದರು. ಆ ಸುರುಳಿಯನ್ನು ಪೆಟ್ಟಿಗೆಯಲ್ಲಿಟ್ಟು ಜೆಂಕಿನ್ಸನ್ ಸುತ್ತುತ್ತ ಹೋದ; ಎಂಜಿನ್ನಿನ ಆರ್ಭಟದಲ್ಲಿ ಮಾತು ಕೇಳಿಸದೆ ಕೈಸನ್ನೆಯಿಂದ ಮುಂದಿನ ತಿರುವನ್ನು ಹೇಳುತ್ತ ಹೋದ. ಕಣ್ಣಿಗೆ ಕಾಣದ ದಿಬ್ಬದಾಚೆಯ ರಸ್ತೆಯನ್ನು ಒಬ್ಬನ ಕೈಸನ್ನೆಯ ಮೇಲೆ ನಂಬಿಕೆಯಿಟ್ಟು ದಾಟುವುದೆಂದರೆ ಅದೆಂಥ ಸ್ನೇಹ! ಆದರೆ ಅದೇ ಪಂದ್ಯದಲ್ಲಿ, ೧೯೫೭ರಲ್ಲಿ, ಗ್ವಿದಿತ್ಸೋಲೊ ಎಂಬ ಹಳ್ಳಿಯ ಹತ್ತಿರ ಕಾರೊಂದು ರಸ್ತೆ ಬಿಟ್ಟು ಜನರ ಮೇಲೆ ನುಗ್ಗಿತು. ಕಾರಿನಲ್ಲಿದ್ದ ಇಬ್ಬರಲ್ಲದೆ ರಸ್ತೆಯ ಬದಿಯಲ್ಲಿದ್ದ ಒಂಬತ್ತು ಜನ ಸತ್ತರು. ಅವರಲ್ಲಿ ಐವರು ಮಕ್ಕಳು. ಅಲ್ಲಿಗೆ ಆ ವೇಗದ ಪಂದ್ಯ ಮುಗಿಯಿತು. ವೇಗ ಬೇಕಾದವರು ಜರ್ಮನಿಯ ನೂರ್ಬುರ್ಗ್‌ರಿಂಗಿಗೆ ಹೋಗಲಿ. ೧೯೨೭ರಲ್ಲಿ ತೆರೆದ ಆ ಸುತ್ತಿನಲ್ಲಿ ನಿಗದಿಯಾದ ದಿನಗಳಂದು ಹಣ ತೆತ್ತು ಸಾಮಾನ್ಯರೂ ತಮ್ಮ ಕಾರನ್ನು ಓಡಿಸಬಹುದು. ನಮ್ಮ ಊರಿನ ಶಾಲೆಯ ಮುಂದಿನ ರಸ್ತೆ ಅದಕ್ಕಲ್ಲ.

ಇಷ್ಟೆಲ್ಲ ಬರೆಯುವ ಅಧಿಕಾರ ನಿನಗೆ ಎಲ್ಲಿಂದ ಬಂತು ಎಂದು ಕೇಳಬಹುದು. ನನ್ನ ತಂದೆ ಚಾಲಕರು. ಘಟ್ಟದ ಕೆಳಗೆ ಸೋಮೇಶ್ವರದ ಕಡೆಯ ಅಡಿಕೆ ತೋಟದ ಧಣಿಗಳೊಬ್ಬರ ಮನೆಯಲ್ಲಿ ಇಪ್ಪತ್ತಾರು ವರ್ಷ ಅಂಬಾಸಿಡರ್ ಓಡಿಸಿದವರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಉತ್ತರಪಾಡಾದಲ್ಲಿ ಹುಟ್ಟಿ, ೨೦೧೪ರಲ್ಲಿ ತಯಾರಿಕೆ ನಿಂತುಹೋದ ಕಾರು. ಧಣಿಗಳದು ಹಳೆಯ ಮಾದರಿ. ಗೇರಿನ ಹಿಡಿ ಸ್ಟಿಯರಿಂಗ್ ಕಂಬಕ್ಕೇ ಅಂಟಿಕೊಂಡಿದೆ. ಆ ಕಾರಿನಲ್ಲಿ ನಮ್ಮ ತಂದೆ ಎಷ್ಟು ಮದುವೆಯ ದಿಬ್ಬಣ, ಎಷ್ಟು ಹೆರಿಗೆಯ ಹೆಂಗಸರನ್ನು ಆಗುಂಬೆ ಘಾಟಿ ಹತ್ತಿಸಿ ಇಳಿಸಿದರೋ ಲೆಕ್ಕವಿಲ್ಲ. ಹದಿನಾಲ್ಕು ಹಿಮ್ಮುರಿ ತಿರುವುಗಳು. ಮಳೆಗಾಲದಲ್ಲಿ ಮುಂದಿನ ತಿರುವು ಮಂಜಿನಲ್ಲಿ ಇರುವುದೋ ಇಲ್ಲವೋ ಎಂಬ ಸಂಶಯ. ಇಷ್ಟಾಗಿ ಅವರ ಹೆಸರಿನಲ್ಲಿ ಒಂದು ಗಾಲಿಯೂ ಇಲ್ಲ. ಗೆಳೆಯನ ಪಟ್ಟಿಯ ನ್ಯಾಯದಲ್ಲಿ ನಮ್ಮ ತಂದೆ ಏನನ್ನೂ ಸಾಧಿಸದವರು! ನನ್ನ ಸಿಟ್ಟಿಗೆ ಕಾರಣ ಇಲ್ಲಿದೆ, ಮುಚ್ಚಿಡುವುದೇಕೆ?

ಮೂರು ವರ್ಷದ ಹಿಂದೆ ಅವರ ಕಣ್ಣಿಗೆ ನರದ ತೊಂದರೆ ಕಾಣಿಸಿಕೊಂಡಿತು. ಎದುರಿನದು ಕಾಣುತ್ತದೆ, ಬದಿಯದು ಮಸುಕು. ತಾವಾಗಿಯೇ ಕೀಲಿಕೈಯನ್ನು ಧಣಿಗಳ ಮೇಜಿನ ಮೇಲಿಟ್ಟು ಬಂದರು. ಧಣಿಗಳ ಮಗ ಈಗ ಗೇರಿಲ್ಲದ ಹೊಸ ಕಾರು ತಂದಿದ್ದಾರೆ. ಅಮೆರಿಕದ ಕೆಲವು ನಗರಗಳಲ್ಲಿ ಚಾಲಕನೇ ಇಲ್ಲದ ಟ್ಯಾಕ್ಸಿಗಳು ಜನರನ್ನು ಹೊತ್ತು ತಿರುಗುತ್ತಿವೆ. ಹಾಗಿರುವಾಗ ನನ್ನ ಪಟ್ಟಿಯ ಕಡೆಯ ಸಾಲನ್ನು ಬೇಗ ಮುಗಿಸಬೇಕೆನ್ನಿಸಿತು: ಆಗುಂಬೆ ಘಾಟಿ, ಹಳೆಯ ಅಂಬಾಸಿಡರ್, ಎಡಗಡೆಯ ಸೀಟಿನಲ್ಲಿ ತಂದೆ.

ಕಳೆದ ದಸರಾ ರಜೆಯಲ್ಲಿ ಧಣಿಗಳನ್ನು ಕೇಳಿದೆ. ಅವರು ಮರುಮಾತಿಲ್ಲದೆ ಕೊಟ್ಟರು. ಮೊದಲು ಏರಿ, ಇಳಿದು, ಮತ್ತೊಮ್ಮೆ ಏರುವುದೆಂದು ಮಾತಾಯಿತು. ಸ್ಟಿಯರಿಂಗನ್ನು ತಿರುಗಿಸಲು ಎರಡೂ ಭುಜ ಬೇಕು; ಗೇರು ಬೀಳುವುದು ಕೈಬಲದಿಂದಲ್ಲ, ಎಂಜಿನ್ನಿನ ಸದ್ದು ಕೇಳಿ ಕ್ಷಣ ಕಾದರೆ ತಾನಾಗಿ ಜಾರುತ್ತದೆ. ನಾಲ್ಕನೆಯ ತಿರುವಿನಲ್ಲಿ ನಾನು ಅವಸರಪಟ್ಟೆ. ಗೇರು ಹಲ್ಲು ಕಡಿದು, ಎಂಜಿನ್ ನಿಂತು, ಕಾರು ಅರ್ಧ ಗಜ ಹಿಂದಕ್ಕೆ ಸರಿಯಿತು. ಎದುರಿನಿಂದ ಇಳಿಯುತ್ತಿದ್ದ ಬಸ್ಸು, ಏರುವವನಿಗೆ ದಾರಿ ಬಿಡಬೇಕೆಂಬ ಘಟ್ಟದ ನಿಯಮದಂತೆ ನಿಂತು ಕಾದಿತು. ತಂದೆ ಏನೂ ಅನ್ನಲಿಲ್ಲ. ಅವರ ಬಲಗಾಲು ಮಾತ್ರ ಬ್ರೇಕಿಲ್ಲದ ಜಾಗದಲ್ಲಿ ನೆಲವನ್ನು ಅದುಮಿತ್ತು.

ಇಳಿಯುವಾಗ, ಯಾವ ಗೇರಿನಲ್ಲಿ ಹತ್ತಿದೆಯೋ ಅದರಲ್ಲೇ ಇಳಿ, ಬ್ರೇಕು ಕಾದರೆ ಹಿಡಿತ ತಪ್ಪುತ್ತದೆ, ಎಂದಷ್ಟೇ ಹೇಳಿದರು. ಕೆಳಗೆ ಬಂದು ಎಂಜಿನ್ ಆರಲು ನಿಲ್ಲಿಸಿದೆವು. ನನಗೆ ಗೆದ್ದ ಸಂತೋಷ. ಗೆಳೆಯನ ಪಟ್ಟಿಯ ಕಥೆಯನ್ನು ಹೇಳಿ, "ನಿಮ್ಮ ಪಟ್ಟಿಯಲ್ಲಿ ಯಾವ ಕಾರಿದೆ?" ಎಂದು ಕೇಳಿದೆ. ಅವರಿಗೆ ಯಾವ ಕಾರೂ ಬೇಕಿರಲಿಲ್ಲ. "ಒಂದು ಸಲ ಹಿಂದಿನ ಸೀಟಿನಲ್ಲಿ ಕೂತು ಈ ಘಾಟಿ ಹತ್ತಬೇಕು ಅಂತಿತ್ತು" ಎಂದರು. "ಇಪ್ಪತ್ತಾರು ವರ್ಷ ರಸ್ತೆ ನೋಡಿದೆ. ಕೂತವರೆಲ್ಲ ಆಹಾ ಅನ್ನುತ್ತಿದ್ದರು. ಏನು ನೋಡಿ ಅನ್ನುತ್ತಿದ್ದರೋ, ತಿರುಗಿ ನೋಡಲಾಗಲಿಲ್ಲ."

ಸಾರಥ್ಯವನ್ನು ಇಷ್ಟು ಹೊಗಳಿ ಬರೆದ ನನಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ. ಹಿಂದಿನ ಬಾಗಿಲು ತೆರೆದೆ. ಅವರು ಚಪ್ಪಲಿಯ ಮಣ್ಣು ಕೊಡವಿಕೊಂಡು, ಧಣಿಗಳು ಕೂರುವ ಎಡಮೂಲೆಯನ್ನು ಬಿಟ್ಟು, ನಡುವಿನಲ್ಲಿ ಕುಳಿತರು. ಗಾಜು ಇಳಿಸಲು ಹೇಳಿದರು. ಈ ಸಲ ನಾಲ್ಕನೆಯ ತಿರುವಿನಲ್ಲಿ ಕ್ಷಣ ಕಾದೆ. ಗೇರು ಸದ್ದಿಲ್ಲದೆ ಬಿತ್ತು. ಕನ್ನಡಿಯಲ್ಲಿ ನೋಡಿದರೆ ಅವರು ಅದನ್ನು ಗಮನಿಸಿದಂತೆಯೇ ಕಾಣಲಿಲ್ಲ. ಮಸುಕಾದ ಬದಿಗೆ ಪೂರ್ತಿ ಮುಖ ತಿರುಗಿಸಿ, ಕಿಟಕಿಯ ಹತ್ತಿರಕ್ಕೆ ಸರಿದು, ಕೆಳಗಿನ ಕಾಡನ್ನು ನೋಡುತ್ತಿದ್ದರು. ಹದಿನಾಲ್ಕನೆಯ ತಿರುವಿನವರೆಗೂ ನಾವು ಮಾತನಾಡಲಿಲ್ಲ.